ಆಫ್ರಿಕಾದ 80ರ ದಶಕದ ಸಿಂಥ್ ಹಾಡುಗಳು: ಕ್ಯಾಸೆಟ್, ಎಲ್ಪಿಯಿಂದ ಸರಿಯಾದ ಶ್ರುತಿಗೆ ಇಳಿಸೋದು ಹೇಗೆ?

ಶ್ರುತಿಪೆಟ್ಟಿಗೆ
ಸಿಂಥ್, ಅಂದರೆ ಸಿಂಥಸೈಜರ್ ಅನ್ನೋ ವಿದ್ಯುನ್ಮಾನ ಕೀಬೋರ್ಡ್ ಬಳಸಿದ ಹಾಡುಗಳಿರೋ ಇಥಿಯೋಪಿಯಾ, ಘಾನಾ ಕಡೆಯ ಹಳೇ ಕ್ಯಾಸೆಟ್‌ಗಳು, ನೈಜೀರಿಯಾದಲ್ಲಿ ಅಚ್ಚಾದ ಎಲ್ಪಿಗಳು. ಇವುಗಳಿಂದ ಕಂಪ್ಯೂಟರಿಗೆ ಇಳಿಸಿದ ಫೈಲುಗಳನ್ನು (ರಿಪ್) ಪಕ್ಕಪಕ್ಕ ಇಟ್ಟು ಕೇಳಿದರೆ ಒಂದೇ ಹಾಡು ಒಂದೊಂದು ಕಡೆ ಒಂದೊಂದು ಶ್ರುತಿಯಲ್ಲಿದೆ. ಕೆಲವದರಲ್ಲಿ ಹಾರ್ಮೋನಿಯಂನ ಅರ್ಧ ಮನೆಯಷ್ಟು ವ್ಯತ್ಯಾಸ. ಮೂಲ ಕ್ಯಾಸೆಟ್ಟೋ ಎಲ್ಪಿಯೋ ಕೈಯಲ್ಲಿದ್ದರೆ ಸರಿಯಾದ ವೇಗ ಯಾವುದು ಅಂತ ಗೊತ್ತುಮಾಡೋದು ಹೇಗೆ? ಡೆಕ್ ಸಿದ್ಧ ಮಾಡೋದರಿಂದ ಶುರುಮಾಡಿ ಹೇಳಿದರೆ ಒಳ್ಳೇದು.

ಟೇಪ್‌ಡೆಕ್_ಹುಬ್ಬಳ್ಳಿ
ಮೊದಲು ಕ್ಯಾಸೆಟ್ ನೋಡ್ರಿ, ಆಮೇಲೆ ಡೆಕ್. ಟೇಪಿನ ಹಿಂದ ತಾಮ್ರದ ಪಟ್ಟಿ ಮ್ಯಾಲೆ ಒಂದು ಸಣ್ಣ ಫೆಲ್ಟ್ ತುಣುಕು ಇರತೈತಿ. ಹಳೇ ಕ್ಯಾಸೆಟ್‌ನಾಗ ಅದರ ಅಂಟು ಒಣಗಿ ಫೆಲ್ಟ್ ಉದುರಿಬಿಡತೈತಿ. ಅದಿಲ್ಲಂದ್ರ ಟೇಪು ಹೆಡ್ಡಿಗೆ ಒತ್ತಿ ಕೂಡೂದಿಲ್ಲ, ದನಿ ಬಂದು ಬಂದು ಹೋಗತೈತಿ. ಸ್ಕ್ರೂ ಇರೋ ಖಾಲಿ ಶೆಲ್ ಒಂದು ಇಟ್ಕೊಂಡು ರೀಲು ಎರಡನ್ನೂ ಅದಕ್ಕ ಬದಲಾಯಿಸೂದೇ ಸುರಕ್ಷಿತ. ಬೆಸುಗೆ ಹಾಕಿದ ಶೆಲ್ ಆದ್ರ ಅಂಚಿನಗುಂಟ ಬ್ಲೇಡ್ ಇಟ್ಟು ಮೆಲ್ಲಕ ಬಿಚ್ಚಬೇಕು. ಬಿಳಿ ಬೂಷ್ಟು ಕಂಡ್ರ ಡೆಕ್ಕಿಗೆ ಹಾಕಲೇಬ್ಯಾಡ್ರಿ, ಮುಂದಿನ ಹತ್ತು ಕ್ಯಾಸೆಟ್ಟಿಗೂ ಅದು ಅಂಟತೈತಿ.

ಬೂಷ್ಟಿಲ್ಲಂದ್ರ ಒಂದು ಸಲ ಪೂರ್ತಿ ಮುಂದಕ್ಕ, ಒಂದು ಸಲ ಪೂರ್ತಿ ಹಿಂದಕ್ಕ ಸುತ್ತಿ ಬಿಗಿ ಸಮ ಮಾಡ್ಕೊಳ್ರಿ. ಹೆಡ್ಡು, ಕ್ಯಾಪ್‌ಸ್ಟನ್ (ಟೇಪು ಎಳೆಯೋ ಲೋಹದ ಕಡ್ಡಿ) ಎರಡನ್ನೂ 99% ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸ್ರಿ.

ಈಗ ಅಜಿಮತ್. ಅಂದ್ರ ಹೆಡ್ಡಿನ ಸೀಳು ಟೇಪಿಗೆ ನೆಟ್ಟಗ ಲಂಬವಾಗಿ ನಿಲ್ಲೂದು. ಊರಿನ ಡಬ್ಬಿಂಗ್ ಅಂಗಡ್ಯಾಗ ಕಾಪಿ ಆದ ಕ್ಯಾಸೆಟ್‌ಗಳು ಆ ಅಂಗಡಿಯ ಡೆಕ್ಕಿನ ಓರೆಯನ್ನೇ ಹೊತ್ಕೊಂಡು ಬಂದಿರತಾವ. ಹೆಡ್ಡಿನ ಪಕ್ಕ ಸ್ಪ್ರಿಂಗ್ ಇರೋ ಸ್ಕ್ರೂ ಹುಡುಕ್ರಿ, ಈಗಿರೋ ಜಾಗಕ್ಕ ಉಗುರುಬಣ್ಣದಾಗ ಗುರುತು ಹಾಕ್ರಿ. ಹಾಡು ಹಾಕಿ, ಎರಡೂ ಚಾನೆಲ್ ಕೂಡಿಸಿ ಮೋನೋ ಮಾಡ್ಕೊಂಡು ಕೇಳ್ರಿ. ಹೈ-ಹ್ಯಾಟ್ (ಡ್ರಮ್ಮಿನ ಜೋಡಿ ತಾಳ) ಎಲ್ಲಿ ಅತಿ ಚುರುಕಾಗಿ ಕೇಳಸತೈತೋ ಅಲ್ಲಿ ನಿಲ್ಲಿಸ್ರಿ. ಸ್ಟೀರಿಯೋದಾಗ ಕೇಳಿದ್ರ ಈ ಫರಕು ಸರಿಯಾಗಿ ತಿಳಿಯೂದಿಲ್ಲ. ಮೋನೋದಾಗ ಎಡ-ಬಲ ಒಂದನ್ನೊಂದು ಕಡಿಯೂದ್ರಿಂದ ಕೂದಲೆಳೆಯಷ್ಟು ಓರೆ ಇದ್ರೂ ಟ್ರೆಬಲ್ ಮಾಯ ಆಗತೈತಿ. ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬ್ಯಾಡ್ರಿ. ಬಿ ಸೈಡಿಗೆ ಮತ್ತ ಮೊದಲಿಂದ ಮಾಡಬೇಕು.

ಕ್ಯಾಸೆಟ್ ಮ್ಯಾಲೆ ಡಾಲ್ಬಿ (ಟೇಪಿನ ಹಿಸ್ ಸದ್ದು ಕಡಿಮೆ ಮಾಡೋ ವ್ಯವಸ್ಥೆ) ಗುರುತು ಇಲ್ಲಂದ್ರ ಡಾಲ್ಬಿ ಆಫ್. ಇನ್ನೊಂದು, ಕ್ರೋಮ್ ಟೇಪಿನ ಶೆಲ್ ಅಂತ ತಿಳಿದು ಡೆಕ್ಕು ತಾನೇ 70 ಮೈಕ್ರೋಸೆಕೆಂಡ್ ಈಕ್ವಲೈಸೇಶನ್‌ಗೆ, ಅಂದ್ರ ಟ್ರೆಬಲ್ ಕಡಿಮೆ ಮಾಡೋ ಸೆಟ್ಟಿಂಗ್‌ಗೆ, ಹೋಗತೈತಿ. ಅಂಗಡಿಗೆ ಬಂದ ರೆಕಾರ್ಡೆಡ್ ಕ್ಯಾಸೆಟ್‌ಗಳು ಕ್ರೋಮ್ ಟೇಪಿನ ಮ್ಯಾಲಿದ್ರೂ 120ರಾಗ ರೆಕಾರ್ಡ್ ಆಗಿದ್ದು ಬಾಳ ಐತಿ. ದನಿ ಮಂಕಾದ್ರ ಅದನ್ನ ಮೊದಲು ನೋಡ್ರಿ.

ಸೂಜಿಮೊನೆ
ಒಪ್ಪಿದೆ, ಒಂದು ಸೇರ್ಪಡೆ: ಪಿಂಚ್ ರೋಲರ್‌ಗೆ, ಅಂದರೆ ಟೇಪನ್ನು ಕ್ಯಾಪ್‌ಸ್ಟನ್ನಿಗೆ ಒತ್ತುವ ರಬ್ಬರ್ ಗಾಲಿಗೆ, ಆಲ್ಕೋಹಾಲ್ ಬೇಡ. ರಬ್ಬರು ಒಣಗಿ ಗಾಜಿನ ಹಾಗೆ ನುಣುಪಾದರೆ ಟೇಪು ಜಾರುತ್ತದೆ, ಶ್ರುತಿ ಅಲುಗುತ್ತದೆ. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಸಾಕು.

ರೆಕಾರ್ಡಿಂಗ್ 24 ಬಿಟ್, 48 ಕಿಲೋಹರ್ಟ್ಸ್, ಪೀಕ್ ಮೈನಸ್ 6 ಡೆಸಿಬೆಲ್. 96ಕ್ಕೆ ಹೋಗಿ ಗಿಟ್ಟುವುದೇನಿಲ್ಲ, ಕ್ಯಾಸೆಟ್‌ನಲ್ಲಿ 15 ಕಿಲೋಹರ್ಟ್ಸ್ ದಾಟಿ ಹಾಡಿನದ್ದು ಏನಾದರೂ ಉಳಿದಿದ್ದರೆ ಅದೇ ಭಾಗ್ಯ. ಎಲ್ಪಿಗೆ ಮಾತ್ರ 96. ಅಲ್ಲಿ ಕ್ಲಿಕ್ ತೆಗೆಯುವ ಸಾಫ್ಟ್‌ವೇರ್‌ಗೆ ಅನುಕೂಲ.

ಲಾಗೋಸ್_ಟು_ಲಾಲ್‌ಬಾಗ್
ಡೆಕ್ ವಿಷಯ ಮುಂದುವರಿಸಿ. ನಡುವೆ ಒಂದು ಮಾತು, ಯಾಕಂದರೆ ವೇಗದ ಲೆಕ್ಕಕ್ಕೂ ಇದು ಬೇಕಾಗುತ್ತೆ. "ಆಫ್ರಿಕನ್ ಸಿಂಥ್-ಪಾಪ್" ಅನ್ನೋ ಒಂದೇ ಪ್ರಕಾರ ಇಲ್ಲ ಗುರು. ಅದು ಮರುಬಿಡುಗಡೆಯ ಅಂಗಡಿಯ ಕಪಾಟಿಗೆ ಅಂಟಿಸಿದ ಚೀಟಿ. ಯಾವ ಹಾಡು ಎಲ್ಲಿ, ಯಾವ ಯಂತ್ರದಲ್ಲಿ, ಯಾಕೆ ಆಯ್ತು ಅನ್ನೋದು ಊರೂರಿಗೆ ಬೇರೆ.

ನೈಜೀರಿಯಾದಲ್ಲಿ ತೈಲದ ದುಡ್ಡಿತ್ತು, ಇಎಂಐನಂಥ ಕಂಪನಿಗಳ ಸ್ಟುಡಿಯೋ ಇತ್ತು. 1984ರ ಸ್ಟೀವ್ ಮೊನೈಟ್ ಅವರ 'ಓನ್ಲಿ ಯು' ಅಂಥ ಸ್ಟುಡಿಯೋ ಕೆಲಸ. ಕೀಬೋರ್ಡ್ ಹಿಂದೆ ಇದ್ದದ್ದು ಕ್ಯಾಮರೂನ್ ಮೂಲದ ಎನ್‌ಕೊನೊ ಟೆಲಿಸ್. ಆ ಕಾಲದ ಲಾಗೋಸ್ ಬೂಗಿಯಲ್ಲಿ (ಸಿಂಥ್ ತುಂಬಿದ ಡಿಸ್ಕೋ ಶೈಲಿ) ಆತನ ಕೈ ಎಷ್ಟು ಕಡೆ ಇದೆ ಅಂದರೆ, ಗಾಯಕರ ಹೆಸರಿಗಿಂತ ಕವರ್ ಹಿಂದಿನ ಆ ಒಂದು ಹೆಸರು ನೋಡಿ ಕೊಂಡರೆ ನಷ್ಟವಿಲ್ಲ. ನೈಜೀರಿಯಾದ್ದೇ ಎನುಗು ಊರಿನ ವಿಲಿಯಂ ಓನ್ಯಾಬೋರ್ ಇದಕ್ಕೆ ತದ್ವಿರುದ್ಧ: ಸ್ವಂತ ಲೇಬಲ್ (ರೆಕಾರ್ಡ್ ಕಂಪನಿ) ವಿಲ್‌ಫಿಲ್ಮ್ಸ್, ಸ್ವಂತ ಸ್ಟುಡಿಯೋ, 1977ರಿಂದ 1985ರವರೆಗೆ ಸಾಲಾಗಿ ಎಲ್ಪಿಗಳು, ಆಮೇಲೆ ಕ್ರೈಸ್ತ ಶ್ರದ್ಧೆಯ ಬದುಕು, ಹಾಡಿನ ಬಗ್ಗೆ ಮೌನ. 2013ರಲ್ಲಿ ಅಮೆರಿಕದ ಲುವಾಕಾ ಬಾಪ್ ಲೇಬಲ್ ಸಂಕಲನ ತಂದ ಮೇಲೆ ಲೋಕ ತಿರುಗಿ ನೋಡಿತು. ಆತ ತೀರಿಕೊಂಡದ್ದು 2017ರಲ್ಲಿ.

ಘಾನಾದಲ್ಲಿ ಕಥೆಯೇ ಉಲ್ಟಾ. ಜೆರಿ ರಾಲಿಂಗ್ಸ್ ಅವರ ಸೇನಾ ಆಡಳಿತ 80ರ ದಶಕದ ಆರಂಭದಲ್ಲಿ ರಾತ್ರಿ ಕರ್ಫ್ಯೂ ಹಾಕಿತು, ಕ್ಲಬ್ಬಿಗೆ ಬೀಗ ಬಿತ್ತು. ತರಿಸಿಕೊಳ್ಳುವ ವಾದ್ಯಗಳ ಮೇಲೆ ಸುಂಕದ ಹೊರೆ ಬೇರೆ. ವಾದಕರು ಜರ್ಮನಿ ಸೇರಿದರು. 1983ರ ಜಾರ್ಜ್ ಡಾರ್ಕೊ ಅವರ 'ಅಕೊ ತೆ ಬ್ರೊಫೊ'ದಿಂದ ಬರ್ಗರ್ ಹೈಲೈಫ್ (ಹೈಲೈಫ್ ಅಂದರೆ ಘಾನಾದ ನೃತ್ಯ ಸಂಗೀತ) ಹೆಸರಾಯಿತು. ಜರ್ಮನಿಯ ಹ್ಯಾಂಬರ್ಗ್‌ನಿಂದ ಬಂದ ಹೆಸರು ಅಂತಾರೆ, ತಿನ್ನುವ ಬರ್ಗರ್‌ಗೂ ಅದಕ್ಕೂ ಸಂಬಂಧ ಇಲ್ಲ. ಅಟಾ ಕಾಕ್ ಅವರ 'ಒಬಾ ಸಿಮಾ' ರೆಕಾರ್ಡ್ ಆದದ್ದು ಕೆನಡಾದ ಟೊರಾಂಟೊದಲ್ಲಿ, ಘಾನಾದಲ್ಲಿ ಕ್ಯಾಸೆಟ್ ಆಗಿ ಬಂದದ್ದು 1994ರಲ್ಲಿ. ಇಥಿಯೋಪಿಯಾದ ಹೈಲು ಮೆರ್ಗಿಯಾ 1985ರ ಕ್ಯಾಸೆಟ್ ಮಾಡಿದ್ದು ವಾಷಿಂಗ್ಟನ್‌ನಲ್ಲಿ: ಅಕಾರ್ಡಿಯನ್, ರೋಡ್ಸ್ ಎಲೆಕ್ಟ್ರಿಕ್ ಪಿಯಾನೊ, ಮೂಗ್ ಸಿಂಥ್, ರಿದಂ ಮಷಿನ್, ಎಲ್ಲಾ ಒಬ್ಬರೇ.

ದಕ್ಷಿಣ ಆಫ್ರಿಕಾದ ಬಬಲ್‌ಗಮ್ ಅನ್ನೋ ಸಿಂಥ್ ಪಾಪ್ ಶೈಲಿ ಇವೆಲ್ಲಕ್ಕಿಂತ ದೊಡ್ಡ ಪೇಟೆ. ಬ್ರೆಂಡಾ ಫಾಸಿ ಮತ್ತು ಬಿಗ್ ಡ್ಯೂಡ್ಸ್ ಅವರ 'ವೀಕೆಂಡ್ ಸ್ಪೆಷಲ್' 1983ರದ್ದು. ಅದನ್ನು "ಮರೆತುಹೋದ ಅಪರೂಪ" ಅಂತ ಮಾರುವವರನ್ನು ನೋಡಿದರೆ ನಗು ಬರುತ್ತೆ. ಅಲ್ಲಿ ಯಾರೂ ಅದನ್ನು ಮರೆತಿಲ್ಲ.

ಸಿಂಥ್ ಕೇಳಿದ ಕೂಡಲೇ ಡಿಸ್ಕೋ ಅಂದುಕೊಳ್ಳಬೇಡಿ. ಕ್ಯಾಮರೂನಿನ ಫ್ರಾನ್ಸಿಸ್ ಬೆಬೆ ಪ್ಯಾರಿಸ್‌ನಲ್ಲಿ ಕೂತು ಡ್ರಮ್ ಮಷಿನ್ ಮೇಲೆ ಸಾಂಜಾ (ಹೆಬ್ಬೆರಳಿನಿಂದ ಮೀಟುವ ವಾದ್ಯ) ನುಡಿಸಿದರು. ನೈಜರ್‌ನ ಮಮ್ಮನ್ ಸಾನಿ ಇಟಲಿಯ ಓರ್ಲಾ ಆರ್ಗನ್ನಿನಲ್ಲಿ 1978ರಲ್ಲೇ ಮಾಡಿದ ಕ್ಯಾಸೆಟ್ ಕೇಳಿ, ಕಾಲು ಕುಣಿಯೋದಿಲ್ಲ, ಆದರೂ ಎದ್ದು ಹೋಗೋಕೆ ಮನಸ್ಸು ಬರೋದಿಲ್ಲ.

ಶ್ರುತಿಪೆಟ್ಟಿಗೆ
ಇದು ಗೊತ್ತಿರಲಿಲ್ಲ, ಧನ್ಯವಾದ. ಆದರೆ ಊರು ಗೊತ್ತಾದರೆ ವೇಗದ ಲೆಕ್ಕಕ್ಕೆ ಏನು ಉಪಯೋಗ?

ಸೊನ್ನೆ_ಸೆಂಟ್
ಕರೆಂಟು! ವಾಷಿಂಗ್ಟನ್, ಟೊರಾಂಟೊದಲ್ಲಿ ವಿದ್ಯುತ್ತು 60 ಹರ್ಟ್ಸ್. ನೈಜೀರಿಯಾ, ಘಾನಾ, ಇಥಿಯೋಪಿಯಾ, ದಕ್ಷಿಣ ಆಫ್ರಿಕಾ, ಜರ್ಮನಿ, ನಮ್ಮಲ್ಲಿ ಎಲ್ಲಾ 50. ಸ್ಟುಡಿಯೋದ ಹಮ್, ಅಂದರೆ ಕರೆಂಟಿನ ಗುಂಯ್ ಸದ್ದು, ಹಾಡಿನ ಜೊತೆ ಟೇಪಿನಲ್ಲಿ ಕೂತಿರುತ್ತದೆ. ಎರಡು ಹಾಡಿನ ನಡುವೆ ಅಥವಾ ವಾದ್ಯ ಕಡಿಮೆ ಇರುವ ಕಡೆ ಎರಡು ಸೆಕೆಂಡ್ ಆರಿಸಿ, ಆಡಾಸಿಟಿ ಸಾಫ್ಟ್‌ವೇರಿನಲ್ಲಿ ಪ್ಲಾಟ್ ಸ್ಪೆಕ್ಟ್ರಮ್ (ಯಾವ ಹರ್ಟ್ಸ್‌ನಲ್ಲಿ ಎಷ್ಟು ಸದ್ದಿದೆ ಅನ್ನುವ ನಕ್ಷೆ) ತೆರೆಯಿರಿ, ಸೈಜ್ 65536 ಇಡಿ. 48 ಕಿಲೋಹರ್ಟ್ಸ್ ಫೈಲಿನಲ್ಲಿ ಇದು ಸುಮಾರು 0.73 ಹರ್ಟ್ಸ್‌ವರೆಗೆ ಬಿಡಿಸಿ ತೋರಿಸುತ್ತದೆ. ಇನ್ನೂ ನಿಖರ ಬೇಕಾದರೆ ಎರಡು, ಮೂರು ಪಟ್ಟಿನ ಹಾರ್ಮೋನಿಕ್ ನೋಡಿ ಭಾಗಿಸಿ.

ಉದಾಹರಣೆಗೆ 60 ಇರಬೇಕಾದ್ದು 61.8 ತೋರಿಸಿತು ಅಂದುಕೊಳ್ಳಿ. ಟೇಪು 3% ವೇಗವಾಗಿ ಓಡುತ್ತಿದೆ. 3% ಅಂದರೆ 51 ಸೆಂಟ್, ಹಾರ್ಮೋನಿಯಂನಲ್ಲಿ ಪಕ್ಕದ ಮನೆಗೆ 100 ಸೆಂಟ್ ಅನ್ನೋ ಲೆಕ್ಕದಲ್ಲಿ. ನೀವು ಹೇಳಿದ ಅರ್ಧ ಮನೆ ಇದೇ.

ಎಡವುವುದು ಎಲ್ಲಿ ಅಂದರೆ, ಸ್ಪೆಕ್ಟ್ರಮ್‌ನಲ್ಲಿ ಎರಡು ಮೂರು ಹಮ್ ಒಟ್ಟಿಗೆ ಕಾಣಿಸುತ್ತವೆ. ಸರಿಯಾಗಿ 50ರಲ್ಲಿ ಅಲ್ಲಾಡದೆ ನಿಂತದ್ದು ನಿಮ್ಮ ಮನೆಯ ಡೆಕ್ಕಿನದು, ಅದನ್ನು ಬಿಡಿ. ಟೇಪು ನಿಲ್ಲಿಸಿ ರೆಕಾರ್ಡ್ ಮಾಡಿದರೂ ಅದು ಇರುತ್ತದೆ, ಹಾಗೆ ಪತ್ತೆ ಮಾಡಿ. 50ರ ಹತ್ತಿರ, ಆದರೆ ಸ್ವಲ್ಪ ಸರಿದು ಇರುವುದು ಕಾಪಿ ಮಾಡಿದ ಅಂಗಡಿಯದು. ಅದು ನಿಮ್ಮ ಡೆಕ್ಕಿನ ವೇಗದ ತಪ್ಪನ್ನು ಹೇಳುತ್ತದೆ, ಕಾಪಿ ಮಾಡುವಾಗ ಮೂಲ ಟೇಪು ಓಡಿದ ವೇಗದ ತಪ್ಪನ್ನು ಹೇಳುವುದಿಲ್ಲ. ನಮಗೆ ಬೇಕಾದ್ದು 60ರ ಸುತ್ತಲಿನದು. ಲಾಗೋಸ್ ಮುದ್ರಣಕ್ಕೆ ಈ ಉಪಾಯ ನಂಬಬೇಡಿ. ಜನರೇಟರ್ ಮೇಲೆ ನಡೆದ ಸ್ಟುಡಿಯೋದ 50 ನಿಜಕ್ಕೂ 50 ಇರಬೇಕಿಲ್ಲ.

ಅಲ್ಲಿ ವಾದ್ಯವನ್ನೇ ಹಿಡಿಯಬೇಕು. 1983ರಲ್ಲಿ ಬಂದ ಯಮಾಹಾ ಡಿಎಕ್ಸ್7 ಡಿಜಿಟಲ್ ಸಿಂಥ್. ಆನ್ ಮಾಡಿ ನುಡಿಸಿದರೆ ಬಿಸಿಗೆ ಶ್ರುತಿ ಜಾರುವುದಿಲ್ಲ. ಗಂಟೆಯಂಥ ಎಲೆಕ್ಟ್ರಿಕ್ ಪಿಯಾನೊ, ರಬ್ಬರಿನಂಥ ಬೇಸ್ ಕೇಳಿದರೆ ಅದನ್ನು ಶಂಕಿಸಿ. ಅದರ 'ಎ' ಸ್ವರ 440 ಹರ್ಟ್ಸ್ ಅಂತ ಹಿಡಿದು ಅಳೆಯಿರಿ. ಮೂಗ್‌ನಂಥ ಹಳೇ ಅನಲಾಗ್ ಸಿಂಥ್ ಅಳತೆಗೋಲಲ್ಲ, ನುಡಿಸುವವರು ಕಿವಿಯಿಂದ ಕೂಡಿಸಿರುತ್ತಾರೆ. ಮೆರ್ಗಿಯಾ ಕ್ಯಾಸೆಟ್‌ಗೆ ಅಕಾರ್ಡಿಯನ್ ಒಳ್ಳೆಯದು. ಲೋಹದ ರೀಡುಗಳ ಶ್ರುತಿ ರೆಕಾರ್ಡಿಂಗ್ ದಿನ ಯಾರೂ ಬದಲಿಸುವುದಿಲ್ಲ, ಬಹುತೇಕ 440ರಿಂದ 442ರ ನಡುವೆ ಇರುತ್ತದೆ.

ಅಳೆದಾಗ 453 ಬಂತು ಅನ್ನಿ. 453 ಭಾಗಿಸು 440 ಅಂದರೆ 1.0295, ಅಂದರೆ 2.95% ಹೆಚ್ಚು. ಆದರೆ ತಿದ್ದುವಾಗ ಮೈನಸ್ 2.95 ಹಾಕಬೇಡಿ. 440 ಭಾಗಿಸು 453 ಮಾಡಿದರೆ 0.9713, ಹಾಕಬೇಕಾದ್ದು ಮೈನಸ್ 2.87. ಆಡಾಸಿಟಿಯಲ್ಲಿ ಶ್ರುತಿ ಮಾತ್ರ ಬದಲಿಸುವ ಆಯ್ಕೆ ಬೇರೆ, ವೇಗ-ಶ್ರುತಿ ಎರಡೂ ಬದಲಿಸುವುದು ಬೇರೆ. ಎರಡನೆಯದನ್ನೇ ಬಳಸಿ. ಮೊದಲನೆಯದು ಹಾಡನ್ನು ಚೂರು ಚೂರು ಮಾಡಿ ಹೊಲಿಯುತ್ತದೆ, ಡ್ರಮ್ಮಿನ ಏಟು ಮೊಂಡಾಗುತ್ತದೆ.

ಇನ್ನು ಈ ಹಾಡುಗಳಲ್ಲಿ ಮಾತ್ರ ಸಿಗುವ ಅನುಕೂಲ: ಡ್ರಮ್ ಮಷಿನ್. ಅದು ಹಾಡಿನೊಳಗೇ ಇರುವ ಗಡಿಯಾರ. ಮನುಷ್ಯ ನುಡಿಸಿದ ತಾಳ ಓಡಿದರೆ ವಾದಕ ಓಡಿದನೋ ಟೇಪು ಓಡಿತೋ ಹೇಳಲಾಗದು, ಮಷಿನ್ ಓಡುವುದಿಲ್ಲ. ಹಾಡಿನ ಆರಂಭದಲ್ಲಿ 256 ಏಟು ಎಣಿಸಿ ಸಮಯ ನೋಡಿ, ಕೊನೆಯಲ್ಲಿ ಇನ್ನೊಂದು 256. ಮೊದಲು 133.45 ಸೆಕೆಂಡ್, ಆಮೇಲೆ 134.38 ಬಂದರೆ ನಿಮಿಷಕ್ಕೆ 115.1 ಏಟು 114.3ಕ್ಕೆ ಇಳಿದಿದೆ, 0.7% ಕುಸಿತ. ನಿಮ್ಮ ಡೆಕ್ಕಿನಲ್ಲಿ ಟೇಪಿನ ಎಳೆತ ಬದಲಾಗುತ್ತಿದೆ ಅಥವಾ ಬೆಲ್ಟ್ ಸಡಿಲ. ಇನ್ನೊಂದು ಡೆಕ್ಕಿನಲ್ಲಿ ಹಾಕಿಯೂ ಅಷ್ಟೇ ಕುಸಿದರೆ ದೋಷ ಕಾಪಿಯಲ್ಲೇ ಕೂತಿದೆ. ಆಗ ಒಂದೇ ಅಂಕಿಯಿಂದ ತಿದ್ದದೆ, ಆರಂಭದಿಂದ ಕೊನೆಗೆ ಏರುವ ಓರೆಗೆರೆ ಹಾಕಿ ತಿದ್ದಿ.

ಒಂದು ಎಚ್ಚರಿಕೆ, ಏಟಿನ ಲೆಕ್ಕ ದುಂಡು ಸಂಖ್ಯೆಗೆ ಬರಲೇಬೇಕು ಅಂತ ಹಟ ಹಿಡಿಯಬೇಡಿ. ರೋಲ್ಯಾಂಡ್ ಟಿಆರ್-808ರಲ್ಲಿ ಟೆಂಪೊಗೆ ಗುಂಡಿ ಇದೆ, ಅಂಕಿ ತೋರುವ ಪರದೆ ಇಲ್ಲ. 115.1 ಬಂದರೆ 115.1 ಇರಲಿ.

ಕರಾವಳಿ_ಡಿಜೆ
ಲೆಕ್ಕ ಎಲ್ಲ ಸರಿ ಮಾರಾಯ್ರೆ, ಆದರೆ 440 ಅನ್ನೋದನ್ನು ದೇವರು ಮಾಡಬೇಡಿ. ಡಿಎಕ್ಸ್7ರಲ್ಲೂ ಮಾಸ್ಟರ್ ಟ್ಯೂನ್ (ಇಡೀ ವಾದ್ಯದ ಶ್ರುತಿ ಬದಲಿಸುವ ಸೆಟ್ಟಿಂಗ್) ಉಂಟು. ಗಿಟಾರಿಗೋ ಸ್ಯಾಕ್ಸೊಫೋನಿಗೋ ಸರಿಹೊಂದಿಸಲು ಎತ್ತಿ ಇಳಿಸಿರ್ತಾರೆ. ಮಿಕ್ಸ್ ಮಾಡುವಾಗ ಹಾಡಿಗೆ ಹುರುಪು ಬರಲಿ ಅಂತ ಮಾಸ್ಟರ್ ಟೇಪನ್ನೇ ಒಂಚೂರು ವೇಗ ಮಾಡೋದೂ ಆಗ ಸಾಮಾನ್ಯ. ಅದನ್ನು ನೀವು "ಸರಿ" ಮಾಡಿದರೆ ಜನ ಕುಣಿದ ಹಾಡು ಅದಲ್ಲ. ನನ್ನ ಲೆಕ್ಕದಲ್ಲಿ 15 ಸೆಂಟ್ ಒಳಗಿದ್ದರೆ ಮುಟ್ಟಬಾರದು.

ಸೊನ್ನೆ_ಸೆಂಟ್
15ರ ಗಡಿ ಒಪ್ಪುತ್ತೇನೆ. ಅದರಾಚೆ ಎರಡು ಸಾಕ್ಷಿ ಬೇಕು: ಹಮ್ ಮತ್ತು ವಾದ್ಯ ಎರಡೂ ಒಂದೇ ಅಂಕಿ ಹೇಳಿದರೆ ತಿದ್ದಿ. ಹಮ್ ಸರಿಯಿದ್ದು ವಾದ್ಯ ಮಾತ್ರ ಮೇಲಿದ್ದರೆ, ಹಾಡು ಬಿಡುಗಡೆಯಾದದ್ದೇ ಹಾಗೆ. ತಿದ್ದದ ಮೂಲ ಫೈಲನ್ನು ಹೇಗೂ ಅಳಿಸಬೇಡಿ.

ಲಾಗೋಸ್_ಟು_ಲಾಲ್‌ಬಾಗ್
ಇಥಿಯೋಪಿಯಾ ಹಾಡಿಗೆ ಕಿವಿಯ ನೆರವೂ ಇದೆ. ಅಲ್ಲಿನ ಸ್ವರಶ್ರೇಣಿಗಳಲ್ಲಿ ತಿಜಿತಾದ ಮೇಜರ್ ರೂಪದ ಸ್ವರಗಳು ನಮ್ಮ ಮೋಹನ ರಾಗದವೇ, ಅಂಬಾಸೆಲ್ ಹತ್ತಿರ ಹತ್ತಿರ ಗುಣಕಲಿ ರಾಗ. ಆಧಾರ ಷಡ್ಜ ಹಿಡಿದು, ಅದು ಪಿಯಾನೊದ ಎರಡು ಮನೆಗಳ ಸರಿಮಧ್ಯೆ ಬಿದ್ದರೆ ಟೇಪಿನ ವೇಗದ ಮೇಲೆ ಅನುಮಾನ ಪಡಿ. ಗಾಯಕರ ಗಮಕ ನೋಡಿ ಅಳೆಯಬೇಡಿ, ಕೀಬೋರ್ಡಿನ ಉದ್ದ ಸ್ವರ ನೋಡಿ.

ಸೂಜಿಮೊನೆ
ಎಲ್ಪಿ ಕಡೆ ಬರೋಣ. ಪಶ್ಚಿಮ ಆಫ್ರಿಕಾದ ಎಲ್ಪಿಗಳ ಸಾಮಾನ್ಯ ಕಾಯಿಲೆ ಎರಡು: ರಂಧ್ರ ನಟ್ಟನಡುವೆ ಇಲ್ಲ, ಮತ್ತು ಸೂಜಿ ಓಡುವ ಗೀರು ಸವೆದಿದೆ.

ರಂಧ್ರ ಓರೆಯಾದರೆ ಶ್ರುತಿ ತೂಗುತ್ತದೆ. ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ ಒಂದು ಸುತ್ತಿಗೆ 1.8 ಸೆಕೆಂಡ್. ಉದ್ದ ಸಿಂಥ್ ಸ್ವರ ಪ್ರತಿ 1.8 ಸೆಕೆಂಡಿಗೆ ಏರಿ ಇಳಿದರೆ ಕಾರಣ ಅದೇ, ಸಿಂಥ್‌ನ ವೈಬ್ರಾಟೊ ಅಷ್ಟು ನಿಧಾನ ಇರುವುದಿಲ್ಲ. 1 ಮಿ.ಮೀ. ಓರೆ ಇದ್ದರೆ ಹೊರ ಅಂಚಿನಲ್ಲಿ ಆಚೀಚೆ 12 ಸೆಂಟ್, ಒಳಗಿನ ಕೊನೆಯ ಹಾಡಿನಲ್ಲಿ 29 ಸೆಂಟ್. ಹಾಗಾಗಿ ಮೊದಲ ಹಾಡು ಕೇಳಿ ತೀರ್ಮಾನಿಸಬೇಡಿ. ಮೇಲಿನಿಂದ ನೋಡಿದರೆ ತೋಳು ಒಳಗೆ ಹೊರಗೆ ತೂಗುವುದು ಕಾಣುತ್ತದೆ. ಒಟ್ಟು 2 ಮಿ.ಮೀ. ತೂಗಿದರೆ ಓರೆ 1 ಮಿ.ಮೀ. ತೋಳು ಪೂರ್ತಿ ಹೊರಗೆ ಹೋದ ಕ್ಷಣ ನಿಲ್ಲಿಸಿ. ಆಗ ಸೂಜಿ ಯಾವ ದಿಕ್ಕಿನಲ್ಲಿದೆಯೋ ರಂಧ್ರದ ಆ ದಿಕ್ಕಿನ ಅಂಚನ್ನು ದುಂಡು ಅರದಿಂದ ಸ್ವಲ್ಪ ಸ್ವಲ್ಪ ಅರೆದು, ಎಲ್ಪಿಯನ್ನು ಸೂಜಿಯಿಂದ ದೂರ ಸರಿಸಿ ಕೂರಿಸಬೇಕು.

ಸವೆತಕ್ಕೆ ಮದ್ದು ಸೂಜಿ ಬದಲಿಸುವುದು. ಊರೂರು ತಿರುಗುವ ಮೊಬೈಲ್ ಡಿಸ್ಕೋಗಳ ಭಾರದ ದುಂಡು ಸೂಜಿ ಗೀರಿನ ಗೋಡೆಯ ಒಂದು ಎತ್ತರದಲ್ಲಿ ಮಾತ್ರ ತಿಂದಿರುತ್ತದೆ. ಮೈಕ್ರೊಲೈನ್ ಎಂಬ ತೆಳು ಮೊನೆಯ ಸೂಜಿ ಇನ್ನೂ ಕೆಳಗಿನ, ಸವೆಯದ ಭಾಗ ಮುಟ್ಟಬಹುದು. ಅದರಲ್ಲೂ ಕರಕರ ಬಂದರೆ ಉಲ್ಟಾ ಹೋಗಿ ದುಂಡು ಸೂಜಿ ಹಾಕಿ ನೋಡಿ. ಭಾರ ಕಡಿಮೆ ಮಾಡಿದರೆ ಎಲ್ಪಿ ಉಳಿಯುತ್ತದೆ ಅನ್ನುವುದು ತಪ್ಪು ನಂಬಿಕೆ. ಕಡಿಮೆ ಭಾರದಲ್ಲಿ ಸೂಜಿ ಗೀರಿನೊಳಗೆ ಕುಪ್ಪಳಿಸಿ ಹೆಚ್ಚು ಹಾಳು ಮಾಡುತ್ತದೆ, ತಯಾರಕರು ಹೇಳಿದ ಮಿತಿಯ ಮೇಲಿನ ಅರ್ಧದಲ್ಲಿಡಿ.

ತೊಳೆಯಲು 750 ಮಿ.ಲೀ. ಡಿಸ್ಟಿಲ್ಡ್ ವಾಟರ್, 250 ಮಿ.ಲೀ. ಐಸೊಪ್ರೊಪೈಲ್, ಎರಡು ಹನಿ ಫೋಟೊ ಲ್ಯಾಬಿನ ವೆಟಿಂಗ್ ಏಜೆಂಟ್. ಲೇಬಲ್ ಒದ್ದೆಯಾಗಬಾರದು. ನಿಮಿಷಕ್ಕೆ 78 ಸುತ್ತಿನ ಹಳೇ ಅರಗಿನ ತಟ್ಟೆಗೆ ಈ ದ್ರಾವಣ ಹಾಕಬೇಡಿ, ಆಲ್ಕೋಹಾಲಿಗೆ ಅದು ಕರಗುತ್ತದೆ.

ಟೇಪ್‌ಡೆಕ್_ಹುಬ್ಬಳ್ಳಿ
ಅಸಲಿ ಓನ್ಯಾಬೋರ್ ಎಲ್ಪಿಗೆ ಅರ ಹಚ್ಚೂದ? ಬ್ಯಾಡ್ರಿ. ಸ್ಪಿಂಡಲ್ ತೆಗೆಯೋಕ ಬರೋ ಟರ್ನ್‌ಟೇಬಲ್ ಹುಡುಕ್ರಿ, ಇಲ್ಲಾ ಶ್ರುತಿ ತೂಗೂದನ್ನ ತಿದ್ದೋ, ಸೆಲೆಮೊನಿ ಕಂಪನಿಯ 'ಕ್ಯಾಪ್‌ಸ್ಟನ್'ನಂಥ ಸಾಫ್ಟ್‌ವೇರ್ ಇರೋ ಸ್ಟುಡಿಯೋಕ್ಕ ಕೊಡ್ರಿ. ಅರದಾಗ ಹೋದದ್ದು ಹೋತು.

ಸೂಜಿಮೊನೆ
ಅಪರೂಪದ್ದಕ್ಕೆ ನೀವು ಹೇಳಿದ್ದೇ ಸರಿ. ಸಾಮಾನ್ಯ ಬೆಲೆಯದಕ್ಕೆ ಅರ.

ಸೊನ್ನೆ_ಸೆಂಟ್
ಸದ್ದು ಕಡಿಮೆ ಮಾಡುವಾಗ ಸಿಂಥ್ ಹಾಡುಗಳಿಗೇ ವಿಶೇಷವಾದ ಅಪಾಯ ಉಂಟು. ಮಷಿನ್ನಿನ ಸ್ನೇರ್ ಡ್ರಮ್ ಅಂದರೆ ಮುಕ್ಕಾಲು ಪಾಲು ಬಿಳಿ ಸದ್ದೇ, ಹೈ-ಹ್ಯಾಟ್ ಕೂಡ ಕಿವಿಗೆ ಹಿಸ್ಸೇ. ನಾಯ್ಸ್ ರಿಡಕ್ಷನ್‌ಗೆ ಟೇಪಿನ ಹಿಸ್ಸಿಗೂ ಇದಕ್ಕೂ ವ್ಯತ್ಯಾಸ ತಿಳಿಯದೆ ಬಾಲ ಕತ್ತರಿಸುತ್ತದೆ. 6 ಡೆಸಿಬೆಲ್‌ಗಿಂತ ಹೆಚ್ಚು ಹಾಕಬೇಡಿ. ಕ್ಲಿಕ್ ತೆಗೆಯುವುದನ್ನು ಇಡೀ ಹಾಡಿಗೆ ಒಟ್ಟಿಗೆ ಓಡಿಸಬೇಡಿ, ರಿಮ್‌ಶಾಟ್, ಕ್ಲೇವ್ಸ್‌ನಂಥ ಚುರುಕು ಏಟುಗಳು ಅದರ ಕಣ್ಣಿಗೆ ಎಲ್ಪಿ ಮೇಲಿನ ಗಾಯದ ಸದ್ದಿನ ಹಾಗೆಯೇ ಕಾಣುತ್ತವೆ. "ತೆಗೆದದ್ದನ್ನು ಮಾತ್ರ ಕೇಳಿಸು" ಅನ್ನುವ ಆಯ್ಕೆ ಇದ್ದರೆ ಒತ್ತಿ. ತೆಗೆದದ್ದರಲ್ಲಿ ತಾಳ ಕೇಳಿಸಿದರೆ ಹಾಡನ್ನೇ ಕಡಿಯುತ್ತಿದ್ದೀರಿ.

ಶ್ರುತಿಪೆಟ್ಟಿಗೆ
ಮರುಬಿಡುಗಡೆ ಕೊಂಡರೆ ಈ ತಾಪತ್ರಯ ಇರಲ್ಲ ಅಲ್ವಾ? ಲೇಬಲ್‌ಗಳ ಬಳಿ ಮಾಸ್ಟರ್ ಟೇಪ್ ಇರುತ್ತೆ ಅಂದುಕೊಂಡಿದ್ದೇನೆ.

ಲಾಗೋಸ್_ಟು_ಲಾಲ್‌ಬಾಗ್
ಬಹಳ ಸಲ ಇರೋದಿಲ್ಲ. 'ಒಬಾ ಸಿಮಾ'ದ ಡ್ಯಾಟ್ (ಡಿಜಿಟಲ್ ಟೇಪ್) ಮಾಸ್ಟರ್ ಸಿಕ್ಕಾಗ ಹಾಳಾಗಿತ್ತು, 2015ರ ಮರುಬಿಡುಗಡೆ ಕ್ಯಾಸೆಟ್‌ನಿಂದಲೇ ಆದದ್ದು. ಹಾಗಂತ ಕೊಳ್ಳಬೇಡಿ ಅಂತಲ್ಲ. ಆಸಂ ಟೇಪ್ಸ್ ಫ್ರಮ್ ಆಫ್ರಿಕಾ ಅನ್ನೋ ಮರುಬಿಡುಗಡೆ ಲೇಬಲ್ ಲಾಭದ ಅರ್ಧ ಕಲಾವಿದರಿಗೆ ಕೊಡೋದಾಗಿ ಹೇಳುತ್ತೆ, ಕವರ್‌ನಲ್ಲಿ ಯಾರಿಂದ ಹಕ್ಕು ಪಡೆದರು ಅಂತ ಬರೆದಿರುತ್ತಾರೆ. ಆ ಸಾಲು ಇಲ್ಲದ ಎಲ್ಪಿ ಕಳ್ಳಪ್ರತಿ ಅನ್ನೋ ಅನುಮಾನ ಇಟ್ಟುಕೊಳ್ಳಿ. ಕೇಪ್ ವರ್ಡೆ ಸಂಕಲನ 'ಸ್ಪೇಸ್ ಎಕೊ'ದ ಜೊತೆ ಬರೋ ಕಥೆ, 1968ರಲ್ಲಿ ಸಿಂಥ್ ತುಂಬಿದ ಹಡಗು ದ್ವೀಪಕ್ಕೆ ಬಡಿದದ್ದು, ಓದೋಕೆ ಸೊಗಸು. ಇತಿಹಾಸ ಅಂತ ಉಲ್ಲೇಖಿಸಬೇಡಿ. ಹಾಡುಗಳು ಮಾತ್ರ ಅಪ್ಪಟ.

ಸೊನ್ನೆ_ಸೆಂಟ್
ಫ್ಲ್ಯಾಕ್ (ಗುಣಮಟ್ಟ ಕಳೆಯದ ಫೈಲ್) ಅಂತ ಮಾರುವ ಫೈಲನ್ನೂ ಸ್ಪೆಕ್ಟ್ರಮ್‌ನಲ್ಲಿ ನೋಡಿ. 16 ಕಿಲೋಹರ್ಟ್ಸ್‌ನಲ್ಲಿ ಗೋಡೆ ಕಡಿದ ಹಾಗೆ ನಿಂತಿದ್ದರೆ 128 ಕೆಬಿಪಿಎಸ್ ಎಂಪಿ3ಯಿಂದ ಬಂದದ್ದು. ಕ್ಯಾಸೆಟ್‌ನಲ್ಲೂ ಮೇಲಿನ ಭಾಗ ಇರುವುದಿಲ್ಲ, ಆದರೆ ಅದು ಇಳಿಜಾರಾಗಿ ಮುಗಿಯುತ್ತದೆ.

ಕರಾವಳಿ_ಡಿಜೆ
ಡಿಜೆಯಾಗಿ ಈ ಹಾಡುಗಳನ್ನು ಹಾಕುವವರಿಗೆ ಒಂದು ಮಾತು. ಸಿಂಥ್ ಇದ್ದ ಮಾತ್ರಕ್ಕೆ ತಾಳ ಮಷಿನ್‌ದು ಅಂತ ತಿಳಿಯಬೇಡಿ. ಸೊಮಾಲಿಯಾದ ಮೊಗದಿಶುವಿನ ದುರ್-ದುರ್ ಬ್ಯಾಂಡಿನ 1987ರ 'ವಾಲ್ಯೂಮ್ 5'ರಲ್ಲಿ ಕೀಬೋರ್ಡ್ ಉಂಟು, ಡ್ರಮ್ ಬಾರಿಸುವುದು ಮನುಷ್ಯ. ಸಾಫ್ಟ್‌ವೇರಿನ ಒಂದೇ ಬೀಟ್‌ಗ್ರಿಡ್ (ಏಟು ಎಲ್ಲೆಲ್ಲಿ ಅನ್ನುವ ಗುರುತುಗಳ ಸಾಲು) ಹಾಕಿದರೆ ಎರಡು ನಿಮಿಷದಲ್ಲಿ ಏಟು ತಪ್ಪುತ್ತದೆ. ಬದಲಾಗುವ ಗ್ರಿಡ್ ಹಾಕಿ, ಪ್ರತಿ 16 ಏಟಿಗೆ ಒಂದು ಗುರುತು. ವೇಗ ಬದಲಿಸಿದರೂ ಶ್ರುತಿ ಹಿಡಿದಿಡುವ ಕೀ-ಲಾಕ್ ಆಫ್ ಇಡಿ. ಹೊಸ ಹಾಡಿನಿಂದ ಇವಕ್ಕೆ ಬರುವಾಗ ಬೇಸ್ ಮೊದಲು ಇಳಿಸಿ, ಹಳೇ ರಿಪ್‌ಗಳಲ್ಲಿ 40 ಹರ್ಟ್ಸ್ ಕೆಳಗೆ ಇರುವುದು ಟರ್ನ್‌ಟೇಬಲಿನ ಗುಡುಗು ಮಾತ್ರ, ದೊಡ್ಡ ಸ್ಪೀಕರಿನಲ್ಲಿ ಕೋನು ಸುಮ್ಮನೆ ಕುಣಿಯುತ್ತದೆ. 30 ಹರ್ಟ್ಸ್‌ಗೆ ಹೈಪಾಸ್ (ಅದಕ್ಕಿಂತ ಕೆಳಗಿನದನ್ನು ತಡೆಯುವ ಫಿಲ್ಟರ್) ಹಾಕಿದರೆ ತೊಂದರೆ ಇಲ್ಲ.

ಟೇಪ್‌ಡೆಕ್_ಹುಬ್ಬಳ್ಳಿ
ಕಡೀಕ, ಇಡೂದು. ಕರಾವಳಿ, ಮಲೆನಾಡಿನ ಮಳೆಗಾಲದಾಗ ಕ್ಯಾಸೆಟ್ ಕವರ್ ಸಮೇತ ಗಾಳಿಯಾಡದ ಡಬ್ಬಿಗೆ ಹಾಕಿ ಸಿಲಿಕಾ ಜೆಲ್ ಇಡ್ರಿ, ತೇವ 40ರಿಂದ 50% ನಡುವ ಇರಲಿ. ಜೆಲ್ಲಿನ ಬಣ್ಣ ಬದಲಾದ್ರ ಬದಲಿಸ್ರಿ. ಸ್ಪೀಕರಿನ ಪಕ್ಕ ಬ್ಯಾಡ, ಅದರಾಗ ಅಯಸ್ಕಾಂತ ಐತಿ. ಫೈಲಿನ ಹೆಸರಿನಾಗ ಹಾಡಿನ ಹೆಸರಷ್ಟ ಸಾಲೂದಿಲ್ಲ: ಯಾವ ಸೈಡು, ಯಾವ ಡೆಕ್ಕು, ಡಾಲ್ಬಿ ಇತ್ತೋ ಇಲ್ಲೋ, ವೇಗ ಎಷ್ಟು ಪರ್ಸೆಂಟ್ ತಿದ್ದಿದ್ರಿ ಅಂತ ಬರೀರಿ. ಮುಂದ ಯಾರಾದ್ರೂ ಮೂಲ ಟೇಪ್ ಹುಡುಕಿ ತಂದ್ರ ತಾಳೆ ನೋಡೋಕ ಅದೇ ಬೇಕಾಗತೈತಿ.